ಹಳೆ ಶವ ಪಂಚನಾಮೆ ಹುಡುಕುವ ಕೆಲಸ

ಮಹಾಲಯದಲ್ಲಿ ಮನೆಯ ಉಳಿದ ಹಿರಿಯರಿಗೆಲ್ಲ ಒಂದು ದಿನ, ಒಬ್ಬರಿಗೆ ಮಾತ್ರ ಚತುರ್ದಶಿ ಎಂದಿದ್ದರೆ ಅವರ ಸಾವಿನ ಸರಕಾರಿ ಕಾಗದದ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಬಹುದು. ಭಾದ್ರಪದ ಬಹುಳ ಚತುರ್ದಶಿಗೆ ಘಾತ ಚತುರ್ದಶಿ ಅನ್ನುತ್ತಾರೆ. ಆಯುಧದಿಂದ, ನೀರಿಗೆ ಬಿದ್ದು, ಮರದಿಂದ ಬಿದ್ದು, ಹಾವು ಕಚ್ಚಿ ಸತ್ತವರಿಗೆ ಅಂದು ಶ್ರಾದ್ಧ. ಗೋಕರ್ಣದಲ್ಲಿ ಯಾರ ಹೆಸರಿಗಾದರೂ ನಾರಾಯಣ ಬಲಿ ಮಾಡಿಸಿದ್ದು ಮನೆಯ ಹಳೆ ಖರ್ಚಿನ ಪುಸ್ತಕದಲ್ಲಿ ಇದ್ದರೆ ಅದೂ ಇಂಥದೇ ಸುಳಿವು. 'ಜ್ವರ ಬಂದು ಹೋದರು' ಎಂದು ಮನೆಯವರು ಮೂರು ತಲೆಮಾರಿನಿಂದ ಹೇಳುತ್ತ ಬಂದಿರಬಹುದು, ಕರ್ಮಾಂಗ ಬೇರೆಯದನ್ನೇ ಹೇಳುತ್ತದೆ. ಅಂಥ ಸಾವಿಗೆ ಸರಕಾರಿ ಕಾಗದ ಹುಟ್ಟಿರಬೇಕು. ಆತ್ಮಹತ್ಯೆ, ಕೊಲೆ, ಪ್ರಾಣಿಯಿಂದ ಸಾವು, ಯಂತ್ರದಿಂದ ಸಾವು, ಅಪಘಾತ, ಸಂಶಯಾಸ್ಪದ ಸಾವು, ಇಷ್ಟಕ್ಕೂ ತನಿಖೆ ಆಗಬೇಕೆಂದು ಕಾನೂನು ಬ್ರಿಟಿಷರ ಕಾಲದಿಂದ ಹೇಳುತ್ತ ಬಂದಿದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಕಲಂ 174. 1973ರ ಸಂಹಿತೆಯಲ್ಲೂ ಅದೇ ಅಂಕೆ ಉಳಿಯಿತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194. ಹಳೆ ಕಡತದ ಮೇಲೆ '174' ಎಂಬ ಅಂಕೆ ಕಂಡರೆ ಕೈಯಲ್ಲಿರುವುದು ಅದೇ ಕಾಗದ.

ಹೆಸರಿನಲ್ಲೇ ಮೊದಲ ಎಡವಟ್ಟು. ಈಗ ಠಾಣೆಯಲ್ಲಿ ಇದನ್ನು ಯುಡಿಆರ್ ಅನ್ನುತ್ತಾರೆ, ಕನ್ನಡದಲ್ಲಿ ಅಸ್ವಾಭಾವಿಕ ಮರಣ ಪ್ರಕರಣ. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಆಡಳಿತದಲ್ಲಿದ್ದ ಕಾಲದ ಕಾಗದದಲ್ಲಿ ಆಕಸ್ಮಿಕ ಮೃತ್ಯು ಎಂದಿರುತ್ತದೆ. ಅದರೊಳಗಿನ ಮುಖ್ಯ ಹಾಳೆ ಶವ ಪಂಚನಾಮೆ, ಅಂದರೆ ಪಂಚರ (ಸಾಕ್ಷಿಗೆ ಕರೆದವರ) ಎದುರು ಶವ ನೋಡಿ ಬರೆದ ವರದಿ. ದಾಖಲೆ ಕೋಣೆಗೆ ಹೋಗಿ 'ಇನ್‌ಕ್ವೆಸ್ಟ್ ರೆಕಾರ್ಡ್ ಬೇಕು' ಅಂದರೆ ಎದುರಿನವರು ಕೊಲೆ ಕೇಸಿನ ಕಡತ ಎಂದು ತಿಳಿದು ಕೋರ್ಟಿಗೆ ಹೋಗಿ ಅನ್ನುತ್ತಾರೆ. ನೂರಕ್ಕೆ ತೊಂಬತ್ತು ಪಾಲು ಇಂಥ ಕಾಗದ ಕೋರ್ಟಿನ ಮೆಟ್ಟಿಲು ಹತ್ತಿದ್ದೇ ಇಲ್ಲ. ಠಾಣೆಯಿಂದ ಹೊರಟು ತಾಲೂಕಿನ ಮ್ಯಾಜಿಸ್ಟ್ರೇಟರ, ಅಂದರೆ ಕಂದಾಯ ಅಧಿಕಾರಿಯ, ಮೇಜಿನ ಮೇಲೆ 'ದಾಖಲು ಮಾಡಿ' ಎಂಬ ಒಂದು ಸಾಲು ಬರೆಸಿಕೊಂಡು ಮಲಗಿದ ಕಾಗದ ಅದು.

ಹೋಗುವ ಮೊದಲು ಎರಡು ಸಂಗತಿ ಗಟ್ಟಿ ಮಾಡಿಕೊಳ್ಳಬೇಕು, ದಿನ ಮತ್ತು ಜಾಗ. ಇವಿಲ್ಲದೆ ಯಾವ ಕಚೇರಿಯಲ್ಲೂ ಏನೂ ಸಿಗುವುದಿಲ್ಲ. ಈ ರಿಜಿಸ್ಟರುಗಳಿಗೆ ಹೆಸರಿನ ಅನುಕ್ರಮಣಿಕೆ ಇರುವುದಿಲ್ಲ, ವರ್ಷಕ್ಕೊಮ್ಮೆ ಒಂದರಿಂದ ಶುರುವಾಗುವ ಕ್ರಮಸಂಖ್ಯೆ ಮಾತ್ರ ಇರುತ್ತದೆ.

ಮನೆಯಲ್ಲಿ ತಾರೀಕು ಇರುವುದಿಲ್ಲ, ತಿಥಿ ಇರುತ್ತದೆ. ವರ್ಷಕ್ಕೆ ಸಂವತ್ಸರದ ಹೆಸರು. ವಿಳಂಬಿ ಸಂವತ್ಸರ ಅಂದರೆ 1898-99 ಆಗಬಹುದು, 1958-59 ಕೂಡ ಆಗಬಹುದು. ಅರವತ್ತು ವರ್ಷದ ಈ ಜಿಗಿತದಲ್ಲಿ ಮುತ್ತಜ್ಜನ ಬದಲು ಅಜ್ಜನ ಅಣ್ಣನನ್ನು ಹುಡುಕುತ್ತ ಕೂತವರು ಎಷ್ಟೋ ಜನ. ಸತ್ತವರ ಮಕ್ಕಳ ವಯಸ್ಸಿನೊಂದಿಗೆ ತಾಳೆ ನೋಡಿದರೆ ಸಾಕು, ಯಾವ ಸುತ್ತು ಎಂದು ಗೊತ್ತಾಗುತ್ತದೆ. ಶಕ ವರ್ಷ ಇದ್ದರೆ 78 ಕೂಡಿಸಿ. ಪುಷ್ಯ, ಮಾಘ, ಫಾಲ್ಗುಣದ ಸಾವಾಗಿದ್ದರೆ ಹೆಚ್ಚಾಗಿ 79 ಆಗುತ್ತದೆ. ಫಸಲಿ (ಕಂದಾಯ ಲೆಕ್ಕದ ವರ್ಷ) ಇದ್ದರೆ 590 ಅಥವಾ 591. ಆ ವರ್ಷದ ಪಂಚಾಂಗ ಸಿಕ್ಕರೆ ತಿಥಿಯಿಂದ ತಾರೀಕಿಗೆ ಬರಬಹುದು, ಆದರೆ ಆ ಒಂದೇ ತಾರೀಕನ್ನು ನೆಚ್ಚಿಕೊಳ್ಳಬೇಡಿ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರು, ಪೊಲೀಸರದ್ದು ನಡುರಾತ್ರಿಗೆ. ರಾತ್ರಿ ಎರಡಕ್ಕೆ ಸತ್ತರೆ ಮನೆಯವರ ಲೆಕ್ಕಕ್ಕೂ ಠಾಣೆಯ ಲೆಕ್ಕಕ್ಕೂ ಒಂದು ದಿನದ ವ್ಯತ್ಯಾಸ. ಮುಳುಗಿ ಸತ್ತವರದ್ದು ಇನ್ನೂ ಗೋಜಲು. ಕೆಲವು ಮನೆಯವರು ಕಾಣೆಯಾದ ದಿನದ ತಿಥಿ ಹಿಡಿಯುತ್ತಾರೆ, ಕೆಲವರು ಶವ ಸಿಕ್ಕ ದಿನದ್ದು. ಪೊಲೀಸರಿಗೆ ವರ್ದಿ ಬಂದ ದಿನವೇ ದಿನ. ಹಿಂದಕ್ಕೆ ಮೂರು ದಿನ, ಮುಂದಕ್ಕೆ ಎಂಟು ದಿನ ನೋಡುವುದು ನಮ್ಮ ರೂಢಿ.

ತಿಥಿಯೂ ಇಲ್ಲದಿದ್ದರೆ ಜಮೀನಿನ ಕಾಗದಕ್ಕೆ ಹೋಗಿ. ಮುಂಬೈ ಸರಕಾರ 1903ರಲ್ಲಿ ಹಕ್ಕು ದಾಖಲೆಯ ಕಾಯ್ದೆ ತಂದ ಮೇಲೆ ಖಾತೆದಾರ ಸತ್ತಾಗ ವಾರಸಾ ನೋಂದು ಆಗುವ ಪದ್ಧತಿ ಬಂತು. 'ಖಾತೆದಾರ ಇಂಥ ದಿನ ಮಯತ ಆಗಿದ್ದು, ವಾರಸುದಾರರು ಇಂಥವರು' ಎಂಬ ಎರಡು ಸಾಲಿನ ಡೈರಿ ನೋಂದು ತಾಲೂಕು ಕಚೇರಿಯ ಹಕ್ಕು ಬದಲಾವಣೆ ಪುಸ್ತಕದಲ್ಲಿ ಇರುತ್ತದೆ. ಈ ಪುಸ್ತಕ ಶಾಶ್ವತ ದಾಖಲೆ, ಆದ್ದರಿಂದ ಸಿಗುವ ಸಂಭವ ಹೆಚ್ಚು. ಸರ್ವೆ ನಂಬರು ಗೊತ್ತಿದ್ದರೆ ಹಳೆ ಉತಾರದಲ್ಲಿರುವ (ಪಹಣಿಯಲ್ಲಿರುವ) ಡೈರಿ ಅಂಕೆ ಹಿಡಿದು ಹಿಂದಕ್ಕೆ ಹೋಗಬಹುದು. ನೋಂದು ಆದದ್ದು ಸತ್ತ ಆರು ತಿಂಗಳಿಗೋ ಆರು ವರ್ಷಕ್ಕೋ ಇರಬಹುದು, ಒಳಗೆ ಬರೆದ ಮರಣದ ದಿನವನ್ನಷ್ಟೇ ನಂಬಿ. ಜಮೀನಿಲ್ಲದ ಒಕ್ಕಲಿಗೆ, ಮೀನುಗಾರರಿಗೆ ಈ ದಾರಿ ಇಲ್ಲ.

ಅವರಿಗೆ ಜನನ ಮರಣ ಪುಸ್ತಕ. ಈಗಿನ ನೋಂದಣಿ ಕಾಯ್ದೆ 1969ರದು, ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ಊರವಾರು ಪುಸ್ತಕಗಳು ಉಳಿದಿದ್ದರೆ ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ. ಇದರ ಕಾಲಮುಗಳೇ ನಮಗೆ ಉಪಯೋಗ. ಸಾವಿನ ಕಾರಣಕ್ಕೆ ಕಾಲರಾ, ಮೈಲಿ, ಜ್ವರ, ಹೊಟ್ಟೆ ಬೇನೆ ಎಂದು ಬೇರೆ ಬೇರೆ ಕಾಲಮು. ಕೊನೆಗೆ ಗಾಯದ ಸಾವುಗಳು, ಅದರಲ್ಲಿ ಆತ್ಮಹತ್ಯೆ, ಪೆಟ್ಟು ಅಥವಾ ಅಪಘಾತ, ಹಾವು ಅಥವಾ ಕಾಡುಪ್ರಾಣಿ ಎಂದು ಒಳಭಾಗ. ಈ ಭಾಗದಲ್ಲಿ ಒಂದು ಗೆರೆ ಬಿದ್ದಿದ್ದರೆ ಪಂಚನಾಮೆ ಆಗಿರಬೇಕು. 'ಜ್ವರ' ಎಂಬ ಕಾಲಮಿನಲ್ಲಿ ಇದ್ದರೆ? ನಿರಾಶರಾಗಬೇಡಿ. ಅಕ್ಷರ ಬಲ್ಲ ಪಟೇಲ ಹೇಳಿಸಿಕೊಂಡಷ್ಟನ್ನು ಬರೆದಿದ್ದಾನೆ, ಏನೂ ತೋಚದಿದ್ದಾಗ ಎಲ್ಲ ಸಾವೂ ಜ್ವರವೇ.

ಇನ್ನು ಜಾಗ. ಎಲ್ಲಕ್ಕಿಂತ ಹೆಚ್ಚು ಜನ ತಪ್ಪುವುದು ಇಲ್ಲಿ. ಸತ್ತವರ ಊರಿನ ಠಾಣೆಯಲ್ಲಿ ಹುಡುಕುತ್ತಾರೆ. ಕಾನೂನು ಹೇಳುವುದು ಶವ ಇರುವ ಜಾಗಕ್ಕೆ ಪೊಲೀಸರು ಹೋಗಬೇಕೆಂದು. ಗಂಗಾವಳಿ ನದಿಯ ತಾರಿಯಲ್ಲಿ (ದೋಣಿ ದಾಟುವ ಕಡವಿನಲ್ಲಿ) ದೋಣಿ ಮಗುಚಿ ಹೋದವರ ಶವ ನಾಲ್ಕು ದಿನದ ಮೇಲೆ ಬೇರೆ ತಾಲೂಕಿನ ದಂಡೆಗೆ ಬಂದು ಬಿದ್ದಿದ್ದರೆ ಪಂಚನಾಮೆ ಆ ತಾಲೂಕಿನದು. ಗುರುತು ಹತ್ತದಿದ್ದರೆ 'ಅಪರಿಚಿತ ಗಂಡಸು, ಅಂದಾಜು ವಯಸ್ಸು 40' ಎಂದೇ ಅದು ಉಳಿದಿರುತ್ತದೆ. ಸೇತುವೆಗಳು ಬರುವ ಮೊದಲು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕನ್ನೂ ತಾರಿಯಲ್ಲೇ ದಾಟಬೇಕಿತ್ತು, ಮಳೆಗಾಲದ ಇಂಥ ಸಾವಿಗೆ ಎರಡೂ ದಡದ ಠಾಣೆ ನೋಡುವುದು ಕಡ್ಡಾಯ. ಘಟ್ಟದ ಮೇಲೆ ಅಡಿಕೆ ಕೊನೆ ಕೊಯ್ಯಲು ಮರ ಹತ್ತಿದ ಕೊನೆಗೌಡ ಬಿದ್ದದ್ದು ಯಾರ ತೋಟದಲ್ಲಿ ಎಂಬುದೇ ಪ್ರಶ್ನೆ, ಅವನ ಮನೆ ಎಲ್ಲಿತ್ತು ಎಂಬುದಲ್ಲ.

ಊರ ಹೆಸರೂ ಮೋಸ ಮಾಡುತ್ತದೆ. ಮಂಜುಗುಣಿ ಎಂಬ ದೇವಸ್ಥಾನದ ಊರು ಶಿರಸಿ ತಾಲೂಕಿನಲ್ಲಿದೆ, ಮಂಜಗುಣಿ ಎಂಬ ಇನ್ನೊಂದು ಅಂಕೋಲೆಯ ಗಂಗಾವಳಿ ಅಳಿವೆಯಲ್ಲಿದೆ. ಹಳೆ ಕೈಬರಹದಲ್ಲಿ ಎರಡೂ ಒಂದೇ. 'ಹೆಗಡೆ' ಎಂದು ಬರೆದದ್ದು ಕುಮಟೆಯ ಊರೋ ಅಡ್ಡಹೆಸರೋ ಎಂದು ಪಕ್ಕದ ಪದ ನೋಡಿಯೇ ಹೇಳಬೇಕು. ಹಿಂದೆ 'ವಸ್ತಿ' ಅಥವಾ 'ಸಾ' ಎಂದಿದ್ದರೆ ಊರು. ಠಾಣೆಗಳ ಗಡಿಯೂ ಸರಿದಿದೆ. ಇವತ್ತು ಬನವಾಸಿ ಠಾಣೆಗೆ ಸೇರಿದ ಊರಿನ ಹಳೆ ಸಾವು ಶಿರಸಿಯ ಪುಸ್ತಕದಲ್ಲಿ, ಗೋಕರ್ಣ ಠಾಣೆಯದ್ದು ಕುಮಟೆಯಲ್ಲಿ ಇರಬಹುದು. ಭಟ್ಕಳ ಒಂದು ಕಾಲಕ್ಕೆ ಹೊನ್ನಾವರದ ಪೇಟಾ (ಉಪ ತಾಲೂಕು) ಆಗಿತ್ತು, ಮುಂಡಗೋಡ ಯಲ್ಲಾಪುರದ್ದು. ಸೂಪಾ ಊರೇ ಅಣೆಕಟ್ಟಿನ ನೀರಿನಡಿ ಹೋಗಿ ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಆ ಕಡೆಯ ಹಳೆಯದಕ್ಕೆ ಹಳಿಯಾಳವನ್ನೂ ಕೇಳಿ.

ಇನ್ನೂ ಹಿಂದಕ್ಕೆ ಹೋಗುವವರು ಎರಡು ವರ್ಷ ನೆನಪಿಡಬೇಕು, 1862 ಮತ್ತು 1956. 1862ಕ್ಕೆ ಮೊದಲು ನಮ್ಮ ಜಿಲ್ಲೆಯೂ ಸೇರಿದ್ದ ಕಾನಡಾ ಮದರಾಸಿನ ಕೈಯಲ್ಲಿತ್ತು, ಮೇಲ್ಮಟ್ಟದ ಕಾಗದ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ. 1862ರಿಂದ 1956ರ ನವೆಂಬರ್ 1ರವರೆಗೆ ಮುಂಬೈ, ಅದಕ್ಕೆ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರ. ಆಮೇಲಿನದ್ದು ಬೆಂಗಳೂರಿನ ರಾಜ್ಯ ಪತ್ರಾಗಾರ. ಆದರೆ ಬೇಗ ಮುಂಬೈ ರೈಲು ಹತ್ತಬೇಡಿ. ತೋಟದಲ್ಲಿ ಬಿದ್ದ ಒಬ್ಬನ ಪಂಚನಾಮೆ ಮುಂಬೈಗೆ ಹೋಗುವ ಕಾಗದವಲ್ಲ. ಕೊಲೆಯಾಗಿ ಶಿಕ್ಷೆಯ ತನಕ ಹೋದದ್ದು, ಅಧಿಕಾರಿಯ ಮೇಲೆ ದೂರು ಬಂದದ್ದು, ಒಂದೇ ಸಲ ಹತ್ತಾರು ಜನ ಸತ್ತದ್ದು, ಇಂಥವು ಮಾತ್ರ ನ್ಯಾಯ ಖಾತೆಯ ಸಂಪುಟ ಸೇರುತ್ತಿದ್ದವು. ಅದಕ್ಕೂ ಮೊದಲು ಕಾರವಾರದ ಜಿಲ್ಲಾ ಕಚೇರಿ, ತಾಲೂಕು ಕಚೇರಿ ಮುಗಿಸಿ.

ಒಂದು ವಿನಾಯಿತಿ ಇದೆ. ಕರಾವಳಿಯಿಂದ ದುಡಿಯಲು ಮುಂಬೈಗೆ ಹೋಗಿ ಅಲ್ಲಿಯೇ ಸತ್ತವರು ನಮ್ಮಲ್ಲಿ ಬಹಳ. ಮುಂಬೈ ನಗರಕ್ಕೆ 1871ರ ಕಾಯ್ದೆಯಂತೆ ಇಂಥ ಸಾವಿನ ತನಿಖೆಗೆ ಕೊರೋನರ್ ಎಂಬ ಪ್ರತ್ಯೇಕ ಅಧಿಕಾರಿ ಇದ್ದ, 1999ರಲ್ಲಿ ಆ ಹುದ್ದೆ ಹೋಯಿತು. ಅಲ್ಲಿ ಸತ್ತವರ ಪಂಚನಾಮೆ ಹುಡುಕುವಾಗ 'ಕೊರೋನರ್' ಎಂದು ಕೇಳಬೇಕು. ಕಾರವಾರಕ್ಕೆ ಕೊರೋನರ್ ಎಂದೂ ಇರಲಿಲ್ಲ. ಇಂಗ್ಲೆಂಡಿನ ವಂಶಾವಳಿ ಪುಸ್ತಕ ಓದಿ ಜಿಲ್ಲಾ ಕಚೇರಿಯಲ್ಲಿ ಕೊರೋನರ್ ಕಡತ ಕೇಳುವುದು ವ್ಯರ್ಥ. ಮಾಜಾಳಿಯಿಂದ ಆಚೆ ಗೋವೆಯಲ್ಲಿ 1961ಕ್ಕೆ ಮೊದಲು ಸತ್ತಿದ್ದರೆ ಪೋರ್ಚುಗೀಸ್ ಕಾಗದ, ಪಣಜಿ.

ನಮ್ಮ ಕಡೆ ಕೊರೋನರನ ಆ ಕೆಲಸ ಮಾಡುತ್ತಿದ್ದವನು ಪೊಲೀಸ್ ಪಟೇಲ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಊರಿನ ಪಟೇಲನಿಗೇ ಶವ ನೋಡಿ ಊರವರನ್ನು ಕೂಡಿಸಿ ವರದಿ ಬರೆಯುವ ಅಧಿಕಾರ ಕೊಟ್ಟಿತ್ತು. ಉಗ್ರಾಣಿ (ಊರ ಆಳು) ಓಡಿ ಹೋಗಿ ಖಬರು ಮುಟ್ಟಿಸುವುದು, ಪಟೇಲ ಪಂಚರನ್ನು ಕರೆಯುವುದು, ಫೌಜದಾರ (ಪೊಲೀಸ್ ಅಧಿಕಾರಿ) ಬಂದರೆ ಬಂದ, ಇಲ್ಲದಿದ್ದರೆ ಕಾಗದವಷ್ಟೇ ಹೋಯಿತು. ಹಾಗಾಗಿ ಎರಡು ಪ್ರತಿಯ ಸಂಭವ ಇದೆ. ಪಟೇಲಕಿ ಮನೆತನದವರ ಅಟ್ಟದಲ್ಲಿ ಉಳಿದ ಕರಡು ಕೆಲವೊಮ್ಮೆ ಕಚೇರಿಯ ಪ್ರತಿಗಿಂತ ಚೆನ್ನಾಗಿರುತ್ತದೆ. 1963ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದಾಗ ಎಲ್ಲರೂ ಎಲ್ಲ ಕಾಗದವನ್ನೂ ಒಪ್ಪಿಸಿರಲಿಲ್ಲ. ಆ ಮನೆಯವರೊಂದಿಗೆ ಎರಡು ಸಲ ಚಹಾ ಕುಡಿಯುವುದು ಹತ್ತು ಅರ್ಜಿಗೆ ಸಮ.

ಕಚೇರಿಯಲ್ಲಿ ಏನು ಕೇಳಬೇಕು? ಠಾಣೆಯಲ್ಲಿ ಯುಡಿಆರ್ ರಿಜಿಸ್ಟರು, ವರ್ಷ ಹೇಳಿ. ಅಂಕೆ '7/1974' ಎಂಬಂತಿರುತ್ತದೆ, ಅದೊಂದು ಕೈಗೆ ಬಂದರೆ ಅರ್ಧ ಕೆಲಸ ಆಯಿತು. ಠಾಣೆಯಿಂದ ಅಂತಿಮ ವರದಿ ಹೋಗುವುದು ತಾಲೂಕು ದಂಡಾಧಿಕಾರಿಗಳಿಗೆ, ಅಂದರೆ ತಹಶೀಲ್ದಾರರಿಗೆ, ಅಥವಾ ಉಪವಿಭಾಗಾಧಿಕಾರಿಗೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಇದನ್ನು ನೋಡುವುದು ಎಂಎಜಿ (ಮ್ಯಾಜಿಸ್ಟ್ರೇಟ್ ಕೆಲಸದ) ಶಾಖೆ. ಬ್ರಿಟಿಷ್ ಕಾಲದಲ್ಲಿ ಮಾಮಲೇದಾರನೇ (ಆಗಿನ ತಹಶೀಲ್ದಾರ) ಮ್ಯಾಜಿಸ್ಟ್ರೇಟ್ ಕೂಡ ಆಗಿದ್ದರಿಂದ ಆ ಕಾಲದ್ದು ಕಂದಾಯದ ಗಂಟಿನೊಳಗೆ ಫೌಜದಾರಿ (ಅಪರಾಧದ) ದಫ್ತರ ಎಂದು ಸೇರಿಕೊಂಡಿರುತ್ತದೆ. 1983ರ ನಂತರ, ಮದುವೆಯಾಗಿ ಏಳು ವರ್ಷದೊಳಗೆ ಸತ್ತ ಹೆಂಗಸರ ಪಂಚನಾಮೆಯನ್ನು ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿಗಳೇ ಮಾಡುತ್ತಾರೆ, ಅದನ್ನು ಠಾಣೆಗಿಂತ ಮೊದಲು ಅಲ್ಲಿ ಕೇಳಿ.

ಕಡತಗಳಿಗೆ ಎ, ಬಿ, ಸಿ, ಡಿ ಎಂದು ವರ್ಗ. ಎ ಶಾಶ್ವತ, ಬಿ 30 ವರ್ಷ, ಉಳಿದವು ಅದಕ್ಕೂ ಕಡಿಮೆ. ಸಂಶಯವಿಲ್ಲವೆಂದು ಮುಗಿದ ಪಂಚನಾಮೆ ಕೆಳಗಿನ ವರ್ಗಕ್ಕೆ ಬಿದ್ದು ಸುಟ್ಟುಹೋಗಿರುವುದೇ ಹೆಚ್ಚು. 'ಹಳೇದೆಲ್ಲ ಗೆದ್ದಲು ತಿಂದು ಹೋಯ್ತು ಮಾರಾಯ್ರೆ' ಎಂಬ ಉತ್ತರ ಬಂದರೆ ಜಗಳವಾಡಬೇಡಿ, ನಾಶಪಡಿಸಿದ ಕಡತಗಳ ಪಟ್ಟಿ ಕೇಳಿ. ಆದೇಶದ ಮೇಲೆ ನಾಶ ಆಗಿದ್ದರೆ ಪಟ್ಟಿ ಇರಬೇಕು, ಅದರಲ್ಲಿ ಕಡತದ ಅಂಕೆ, ವಿಷಯ ಇರುತ್ತದೆ. 'ಇಂಥ ಊರಿನ ಇಂಥವನ ಆಕಸ್ಮಿಕ ಮೃತ್ಯು' ಎಂಬ ಒಂದು ಸಾಲೂ ದಾಖಲೆಯೇ. ಪಟ್ಟಿಯೂ ಇಲ್ಲವಾದರೆ ಗಂಟು ಎಲ್ಲೋ ಇದೆ ಎಂದೇ ತಿಳಿಯುವುದು.

ಬಾಯಿಮಾತಿಗೆ ಬಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ವಂಶದ ಕಥೆ ಬರೆಯಲು ಹೋಗಿ ಅರ್ಜಿ ತಿರಸ್ಕಾರವಾಗುವುದು ಇಲ್ಲಿಯೇ. 'ನಮ್ಮ ಮುತ್ತಜ್ಜನ ಸಾವಿನ ಬಗ್ಗೆ ಮಾಹಿತಿ ಕೊಡಿ' ಎಂದರೆ 'ಲಭ್ಯವಿಲ್ಲ' ಎಂಬ ಒಂದೇ ಪದ ಬರುತ್ತದೆ. ಹೀಗೆ ಬರೆಯಿರಿ: 'ತಮ್ಮ ಠಾಣೆಯ 1968ರ ಅಸ್ವಾಭಾವಿಕ ಮರಣ ರಿಜಿಸ್ಟರಿನ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಪುಟಗಳ ದೃಢೀಕೃತ ನಕಲು ಕೊಡಿ. ರಿಜಿಸ್ಟರು ವರ್ಗಾಯಿಸಿದ್ದರೆ ಎಲ್ಲಿಗೆ ಎಂಬ ಪತ್ರದ ನಕಲು, ನಾಶಪಡಿಸಿದ್ದರೆ ಆದೇಶ ಮತ್ತು ಪಟ್ಟಿಯ ನಕಲು ಕೊಡಿ.' ಖಾಸಗಿ ಮಾಹಿತಿ ಎಂದು ತಡೆದರೆ ಕಾಯ್ದೆಯ ಕಲಂ 8(3) ಎತ್ತಿ ಹೇಳಿ: 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಗೆ ದೇಶದ ಭದ್ರತೆ, ಶಾಸನಸಭೆಯ ಹಕ್ಕುಬಾಧ್ಯತೆ, ಸಂಪುಟದ ಕಾಗದ ಎಂಬ ಮೂರು ಬಿಟ್ಟರೆ ಬೇರೆ ವಿನಾಯಿತಿ ನಡೆಯುವುದಿಲ್ಲ. ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ, ಐದು ದಿನದೊಳಗೆ ಸರಿಯಾದ ಕಚೇರಿಗೆ ಅವರೇ ಕಳಿಸಬೇಕು.

ಗಂಟು ಬಿಚ್ಚಿದ ಮೇಲಿನ ಕೆಲಸ ಬೇರೆ. ಪೆನ್ನು ಚೀಲದಲ್ಲೇ ಇರಲಿ, ಪೆನ್ಸಿಲ್ ಮಾತ್ರ. ಕರಾವಳಿಯ ತೇವಕ್ಕೆ ಹಾಳೆಗಳು ಹಪ್ಪಳದಂತೆ ಒಂದಕ್ಕೊಂದು ಅಂಟಿರುತ್ತವೆ, ಉಗುರು ಹಾಕಿ ಬಿಡಿಸಬೇಡಿ. ಫೋಟೊಕ್ಕೆ ಅನುಮತಿ ಇದ್ದರೆ ಒಂದು ಕಪ್ಪು ಕಾಗದ ಒಯ್ಯಿರಿ. ತೆಳು ಹಾಳೆಯ ಅಡಿಗೆ ಅದನ್ನಿಟ್ಟರೆ ಹಿಂಬದಿಯ ಶಾಯಿ ಮುಂದಕ್ಕೆ ಕಾಣುವುದು ತಗ್ಗುತ್ತದೆ. ಮಸುಕಾದ ಬರಹಕ್ಕೆ ಬದಿಯಿಂದ ಬೆಳಕು ಬಿಡಿ. ಪ್ರತಿ ಸಲ ಮೊದಲ ಫೋಟೊ ಕಡತದ ಮೇಲುಹಾಳೆಯದು, ಇಲ್ಲದಿದ್ದರೆ ಆರು ತಿಂಗಳ ಮೇಲೆ ಯಾವ ಪುಟ ಯಾವ ಕಡತದ್ದೆಂದು ದೇವರಿಗೂ ಗೊತ್ತಾಗುವುದಿಲ್ಲ.

ಪಂಚನಾಮೆಗೆ ಒಂದು ಅಚ್ಚು ಇದೆ, ಅದು ತಿಳಿದಿದ್ದರೆ ಓದದ ಅಕ್ಷರವನ್ನೂ ಊಹಿಸಬಹುದು. ಮೊದಲು ಪಂಚರ ಹೆಸರು, ವಯಸ್ಸು, ಉದ್ಯೋಗ, ವಸ್ತಿ. ಗಂಡಸರಿಗೆ 'ಬಿನ್' ಎಂದರೆ ಇಂಥವನ ಮಗ, ಹೆಂಗಸರಿಗೆ 'ಕೋಂ' ಎಂದರೆ ಇಂಥವನ ಹೆಂಡತಿ. 'ಇಸಮ' ಅಂದರೆ ವ್ಯಕ್ತಿ, 'ಮಜಕೂರ' ಅಂದರೆ ಮೇಲೆ ಹೇಳಿದ. ಆಮೇಲೆ ಜಾಗದ ಚತುಸ್ಸೀಮೆ, ಯಾರ ತೋಟದ ಪಶ್ಚಿಮಕ್ಕೆ, ಯಾವ ಹಳ್ಳದ ದಂಡೆಗೆ. ಹಳೆ ಮನೆಯ ಜಾಗ ಗುರುತಿಸಲು ಇದರಷ್ಟು ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ನಂತರ ಶವದ ಸ್ಥಿತಿ, ತಲೆ ಯಾವ ದಿಕ್ಕಿಗೆ, ಕೈ ಹೇಗೆ, ಉಟ್ಟದ್ದೇನು, ಸೊಂಟದಲ್ಲಿ ಬೆಳ್ಳಿ ಉಡಿದಾರವೋ ಕರಿ ದಾರವೋ, ಎಲೆ ಅಡಿಕೆ ಸಂಚಿಯಲ್ಲಿ ಎಷ್ಟು ದುಡ್ಡು. ಗಾಯ ಒಂದೊಂದನ್ನೂ ಬರೆದು, ಯಾವ ಆಯುಧದಿಂದ ಆದಂತೆ ಕಾಣುತ್ತದೆ ಎಂದು ಹೇಳಬೇಕೆಂದು ಕಾನೂನಿನಲ್ಲೇ ಇದೆ. ಕೊನೆಗೆ ಪಂಚರ ಅಭಿಪ್ರಾಯ, ಸಹಿ, ಹೆಬ್ಬೆಟ್ಟು.

ವೈದ್ಯರ ವರದಿ ಇಲ್ಲದಿದ್ದರೆ ಏನನ್ನೋ ಮುಚ್ಚಿಟ್ಟರು ಎಂದು ಹಾರಬೇಡಿ. ಹವೆ ಮತ್ತು ದೂರ ನೋಡಿ, ದಾರಿಯಲ್ಲಿ ಕೊಳೆಯುವುದಿಲ್ಲ ಎಂದಾದರೆ ಮಾತ್ರ ಶವ ಕಳಿಸಬೇಕೆಂದು ಕಲಂ 174ರಲ್ಲೇ ಬರೆದಿದೆ. ಆಷಾಢದ ಮಳೆಯಲ್ಲಿ ದೇವಿಮನೆ ಘಟ್ಟ ಇಳಿಸಿ ಯಾರು ಹೊರುವುದು?

ಪಂಚರ ಅಭಿಪ್ರಾಯವನ್ನೂ ಹಾಗೆಯೇ ನುಂಗಬಾರದು. ಆತ್ಮಹತ್ಯೆಯ ಯತ್ನವೇ ಅಪರಾಧವಾಗಿದ್ದ ಕಾಲ, ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳು, ಎದುರಿಗೆ ಫೌಜದಾರ. ಬಾವಿಗೆ ಬಿದ್ದ ಹೆಂಗಸಿನ ಪಂಚನಾಮೆಯಲ್ಲಿ 'ನೀರು ಸೇದಲು ಹೋಗಿ ಕಾಲು ಜಾರಿ' ಎಂಬ ಮಾತು ಸಿದ್ಧವಾಗಿಯೇ ಇರುತ್ತಿತ್ತು. ಅಭಿಪ್ರಾಯ ಬಿಟ್ಟು ಜಾಗದ ವಿವರ ಓದಿ. ಕೊಡ ಎಲ್ಲಿದೆ? ಹಗ್ಗ ರಾಟೆಯ ಮೇಲಿದೆಯೋ ನೀರಿನಲ್ಲೋ? ಕೊಡ ಬಾವಿಕಟ್ಟೆಯ ಮೇಲೆ ಒಣಗಿ ನಿಂತಿದ್ದರೆ, ಅಥವಾ ಕೊಡದ ಮಾತೇ ಇಲ್ಲದಿದ್ದರೆ, ಬರೆದ ಕಾರಕೂನ ಕಂಡದ್ದನ್ನು ಬರೆದು ಪಂಚರು ಹೇಳಿದ್ದನ್ನೂ ಬರೆದಿದ್ದಾನೆ, ಎರಡೂ ಒಂದಾಗಿಲ್ಲ ಅಷ್ಟೆ. ಇದನ್ನು ಮನೆಯವರಿಗೆ ಹೇಳುವುದೋ ಬಿಡುವುದೋ ಹುಡುಕಿದವರ ವಿವೇಚನೆ. ವಂಶಾವಳಿಯಲ್ಲಿ ಕಾಗದದ ಮಾತನ್ನು ಕಾಗದದ ಮಾತೆಂದೇ ಬರೆದು, ಊಹೆಯನ್ನು ಬೇರೆ ಇಡುವುದು ನಮ್ಮ ಪದ್ಧತಿ.

ಪತ್ರಿಕೆಗಳನ್ನು ಕೊನೆಗೆ ನೋಡಿ. ಕುಮಟೆಯಿಂದ ಹೊರಡುತ್ತಿದ್ದ ಕಾನಡಾ ವೃತ್ತ, ಕಾನಡಾ ಧುರೀಣದಂಥವುಗಳ ಹಳೆ ಸಂಚಿಕೆ ಯಾರ ಮನೆಯಲ್ಲೋ ವಾಚನಾಲಯದಲ್ಲೋ ಸಿಕ್ಕರೆ ದೋಣಿ ಮಗುಚಿದ ಸುದ್ದಿ, ಹುಲಿ ಹಿಡಿದ ಸುದ್ದಿ ಇರಬಹುದು. ಹೆಸರು ಇರುವುದು ಅಪರೂಪ.

ಹಾಳೆಯ ಹಿಂಬದಿ ನೋಡದೆ ಗಂಟು ಕಟ್ಟಬೇಡಿ. ಶವವನ್ನೂ ಮೈಮೇಲಿನ ದಾಗಿನೆಯನ್ನೂ ಒಪ್ಪಿಸಿಕೊಂಡವರ ಪಾವತಿ (ರಸೀದಿ) ಅನೇಕ ಸಲ ಅಲ್ಲಿಯೇ ಬರೆದಿರುತ್ತದೆ. 'ಸದರಿ ಮಯತಳ ತವರಿನ ಅಣ್ಣ' ಎಂದು ಒಂದು ಹೆಸರು, ಒಂದು ಊರು, ಎಡಗೈ ಹೆಬ್ಬೆಟ್ಟು. ಮುತ್ತಜ್ಜಿ ಯಾವ ಊರಿಂದ ಬಂದವಳು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಕಡೆ ಆ ಊರ ಹೆಸರು ಸಿಗುವುದು ಈ ಎರಡು ಸಾಲಿನಲ್ಲೇ.